ಬಿಟ್ ತಿನ್ನುವ ತಂತಿ

ತಿಕೋಟಾದ ಬಸಗೊಂಡಪ್ಪನ ಅಂಗಡಿಯಲ್ಲಿ ಮತ್ತೊಂದು ಬಿಟ್ ಸತ್ತಿತು. ಬಿಟ್ ಅಂದರೆ ಬೇರೇನಲ್ಲ, ಸೋಲ್ಡರಿಂಗ್ ಐರನ್ನಿನ ಮೂತಿ. ಕಾದು, ಬೆಸುಗೆಯ ತಂತಿ ಕರಗಿಸಿ, ಬೋರ್ಡಿನ ಮೇಲೆ ಬಿಡಿಭಾಗಗಳ ಒಂದೊಂದೇ ಕಾಲನ್ನು ಬೆಸೆಯುವ ತುದಿ. ಶೈಲಾ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದಳು. ತುದಿಯಲ್ಲಿ ಇಲಿ ಕಡಿದ ಹಾಗೆ ಗುಳಿ ಬಿದ್ದಿತ್ತು, ಸುತ್ತಲೂ ಕರ್ರಗೆ ಸುಟ್ಟಿತ್ತು. ತಂತಿ ಮುಟ್ಟಿಸಿದರೆ ಕರಗಿದ ಬೆಸುಗೆ ಅಂಟಿಕೊಳ್ಳುವ ಬದಲು, ಎಣ್ಣೆ ಹಚ್ಚಿದ ತಲೆಯ ಮೇಲಿನ ನೀರಿನಂತೆ ಉಂಡೆಯಾಗಿ ಉರುಳಿ ಟೇಬಲ್ಲಿಗೆ ಬೀಳುತ್ತಿತ್ತು.

“ಇದೂ ಹೋತೇನು?” ಬಾಗಿಲ ಬಳಿಯ ಕುರ್ಚಿಯಿಂದ ಅವಳ ಮಾವ ಬಸಗೊಂಡಪ್ಪ ಕೇಳಿದ.

“ಹೋತ್ರಿ ಮಾವಾ.”

“ಸೋಮವಾರ ತಂದದ್ದಲಾ ಅದು?”

“ಹೌದ್ರಿ.”

“ನನ್ನ ಕಾಲದಾಗ ಒಂದ ಬಿಟ್ಟಿನ ಮ್ಯಾಲೆ ದಸರಾದಿಂದ ದಸರಾಕ್ಕ ದಾಟತಿದ್ದೆ. ಗಟ್ಟಿ ತಾಮ್ರದ್ದು. ಮೂತಿ ಕೆಟ್ಟರ ಉಜ್ಜೂದು, ಮತ್ತ ಹೊಸಾದು. ಈಗ ಬರೂವು ಬಿಟ್ಟಲ್ಲ, ಪೆಪ್ಪರಮಿಂಟು. ಬಾಯಾಗಿಟ್ಟರ ಕರಗತಾವ.”

ಶೈಲಾ ನಕ್ಕಳು, ಆದರೆ ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ. ಅಮಾವಾಸ್ಯೆ ಹತ್ತಿರ ಬರುತ್ತಿತ್ತು.

ಆ ಅಂಗಡಿಗೆ ಬರುವುದೆಲ್ಲ ತೋಟದ ಪಂಪುಗಳ ಸ್ಟಾರ್ಟರ್ ಡಬ್ಬಿಗಳು. ರೈತ ಮನೆಯಲ್ಲಿ ಕೂತು ಫೋನು ಒತ್ತಿದರೆ ಅತ್ತ ದ್ರಾಕ್ಷಿ ತೋಟದಲ್ಲಿ ಪಂಪು ಚಾಲೂ ಆಗುವಂಥವು. ಒಳಗಿನ ಬೋರ್ಡು ಸಿಡಿಲಿಗೆ ಸುಡುತ್ತದೆ, ಹಲ್ಲಿ ಹೊಕ್ಕು ಸುಡುತ್ತದೆ, ಕೆಲವೊಮ್ಮೆ ಕಾರಣವೇ ಇಲ್ಲದೆ ಸುಡುತ್ತದೆ. ಮೊದಲು ರೇಡಿಯೋ, ಆಮೇಲೆ ಟಿವಿ ರಿಪೇರಿ ಮಾಡಿಕೊಂಡಿದ್ದ ಬಸಗೊಂಡಪ್ಪನಿಗೆ ಈಗ ಕೈ ನಡುಗುತ್ತದೆ. ಮಗ ಸಂಗು ಬೈಕಿನ ಮೇಲೆ ತೋಟ ತೋಟ ತಿರುಗಿ ಡಬ್ಬಿ ಬಿಚ್ಚುವವನು, ಕೂಡಿಸುವವನು. ಹೀಗಾಗಿ ಟೇಬಲ್ಲಿನ ಹಿಂದಿನ ಕುರ್ಚಿ ಸೊಸೆ ಶೈಲಾಳದಾಗಿತ್ತು. ಯಾರೂ ಕೊಟ್ಟದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಮಾವನ ಕೈ ನಡುಗುವುದನ್ನು ನೋಡಿ “ನಾ ಹಿಡೀಲೇನ್ರಿ?” ಎಂದು ಐರನ್ ಇಸಿದುಕೊಂಡವಳು ಮತ್ತೆ ವಾಪಸು ಕೊಡಲಿಲ್ಲ, ಅಷ್ಟೇ.

ಆ ಕುರ್ಚಿ ಅವಳಿಗೆ ಬರೀ ಕೆಲಸದ ಜಾಗವಾಗಿರಲಿಲ್ಲ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಿರಲಿಲ್ಲ. ಯಾರದೋ ಕುಬಸಕ್ಕೆ, ಅಂದರೆ ಸೀಮಂತಕ್ಕೆ ಹೋದರೆ, ತೊಟ್ಟಿಲಿಗೆ ಹೋದರೆ, ಬರೀ ನೀರಿನ ನಳಕ್ಕೆ ಹೋದರೂ ಹೆಂಗಸರು ಮೊದಲು ಅವಳ ಹೊಟ್ಟೆ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಸುಟ್ಟ ಬೋರ್ಡು ಹಾಗಲ್ಲ. ಅದು ಅವಳ ಕೈ ಮಾತ್ರ ನೋಡುತ್ತಿತ್ತು.

ಈಗ ಬಸುರಿಯಾಗಿದ್ದಳು. ವಿಜಯಪುರದ ಡಾಕ್ಟರಮ್ಮ ತಪಾಸಣೆ ಮಾಡಿ, ಎಲ್ಲಾ ಚಲೋ ಇದೆ ಎಂದು ಹೇಳಿ, “ಕೆಲಸಾ ಏನ ಮಾಡ್ತಿ?” ಎಂದು ಕೇಳಿದ್ದಳು. ಬೆಸುಗೆ ಕೆಲಸ ಎಂದ ಕೂಡಲೇ ಪೆನ್ನು ಕೆಳಗಿಟ್ಟಳು.

“ಆ ತಂತ್ಯಾಗ ಸೀಸ ಇರತೈತಿ ಗೊತ್ತದಲಾ? ಕೈಗೆ ಹತ್ತಿ, ಕೈಯಿಂದ ಬಾಯಿಗೆ ಹೋಗತೈತಿ. ಕೂಸಿಗೆ ಅದು ಬ್ಯಾಡ. ಸೀಸ ಇಲ್ಲದ ತಂತಿ ಬರತಾವ, ಅವನ್ನ ತಗೋ. ಹೊಗಿ ಮಾರಿಗೆ ಬಡೀದಂಗ ಫ್ಯಾನ್ ಇಟ್ಕೋ. ಸಾಬೂನ ಹಚ್ಚಿ ಕೈ ತೊಳಕೊಂಡ ಉಣ್ಣು. ಅದು ಆಗಲಿಲ್ಲಂದ್ರ ಆ ಟೇಬಲ್ ಬಿಟ್ಟ ದೂರ ಇರು.”

ಅಂದೇ ಸಂಗು ಸೀಸವಿಲ್ಲದ ತಂತಿಯ ಸುರುಳಿ ತಂದ. ಶೈಲಾ ಟೇಬಲ್ಲನ್ನೂ ಡ್ರಾವರುಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಹಳೆಯ ತಂತಿಯನ್ನೆಲ್ಲ ಡಬ್ಬಿಗೆ ಹಾಕಿ ಹೊರಗಿಟ್ಟಳು. ಅಲ್ಲಿಂದ ಶುರುವಾಯಿತು ಈ ಬಿಟ್ಟುಗಳ ಸಾವು. ಹೊಸ ತಂತಿ ಬೇಗ ಕರಗದು. ಕರಗಲಿ ಎಂದು ಶಾಖದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಕರಗಿತು. ಆದರೆ ಬಿಟ್ ಒಂದು ವಾರ ತಾಳಲಿಲ್ಲ. ಇನ್ನೊಂದು ತಂದರು. ಅದೂ ಹಾಗೇ ಆಯಿತು. ಕೆಟ್ಟ ಬಿಟ್ಟಿನಲ್ಲಿ ಹಾಕಿದ ಬೆಸುಗೆ ಕೂರದೆ, ಒಬ್ಬರ ಡಬ್ಬಿ ತೋಟಕ್ಕೆ ಹೋದ ಮರುದಿನವೇ ವಾಪಸು ಬಂತು. ಬಸಗೊಂಡಪ್ಪನ ಹೆಸರಿನ ಅಂಗಡಿಗೆ ಅದು ಹೊಸ ಅನುಭವ.

ಆ ಸಂಜೆ ಬಸಗೊಂಡಪ್ಪ ಮೆಲ್ಲಗೆ ಮಾತು ತೆಗೆದಿದ್ದ. “ಯವ್ವಾ ಶೈಲಾ, ಅಮಾಸಿತನಾ ನೋಡೂಣು. ಹೊಸಾ ತಂತಿ ಹೊಂದಿದರ ಹೊಂದತು. ಇಲ್ಲಂದ್ರ ಸಂಗು ಹಳೀ ತಂತಿಲೆ ಸಂಜೀಮುಂದ ಬೋರ್ಡ್ ಮಾಡಲಿ. ನೀ ಈ ಅಂಗಡಿ ಹೊಚ್ಚಲಾ ತುಳೀಬ್ಯಾಡ. ಜೈನಾಪುರಕ್ಕ ಫೋನ್ ಹಚ್ಚಿ ನಿಮ್ಮವ್ವಗೂ ಹೇಳಿ ಇಟ್ಟೇನಿ, ಬಂದ ಕರಕೊಂಡ ಹೋಗಲಿ. ಕೂಸಿಗಿಂತ ಬೋರ್ಡ್ ದೊಡ್ಡದಲ್ಲ.”

ಅದರಲ್ಲಿ ತಪ್ಪು ಹುಡುಕಲು ಶೈಲಾಳಿಗೆ ಏನೂ ಸಿಗಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಜೈನಾಪುರದಲ್ಲಿ ಅವಳ ಅವ್ವ ಕಾಶಿಬಾಯಿ ಒಳ್ಳೆಯವಳೇ, ಆದರೆ ಅಲ್ಲಿ ಇಡೀ ದಿನ ಮಾಡುವುದೇನು? ಹೊರಸಿನ ಮೇಲೆ ಕೂತು, ಬಂದವರಿಗೆಲ್ಲ ಎಷ್ಟನೇ ತಿಂಗಳು ಎಂದು ಹೇಳುವುದು.

ಈ ಬಿಟ್ಟೂ ಹೋದ ಮರುದಿನ ಮುಂಜಾನೆ, ಸತ್ತ ಬಿಟ್ಟುಗಳನ್ನೆಲ್ಲ ಕರವಸ್ತ್ರದಲ್ಲಿ ಕಟ್ಟಿಕೊಂಡು ವಿಜಯಪುರದ ಬಸ್ಸು ಹತ್ತಿದಳು.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಗೂ ಹಗ್ಗದ ಅಂಗಡಿಗೂ ನಡುವೆ ಬಿಟ್ಟು, ತಂತಿ ಮಾರುವ ಯಾಸೀನನ ಅಂಗಡಿ ಇತ್ತು. ಇಬ್ಬರು ಒಳಗೆ ಬಂದರೆ ಮೂರನೆಯವರು ಚಪ್ಪಲಿ ಬಿಡುವ ಜಾಗದಲ್ಲೇ ನಿಲ್ಲಬೇಕು. ದುಡ್ಡಿನ ಗಲ್ಲೆಯ ಹಿಂದೆ ಅವನ ಹೆಂಡತಿ ಸುರೈಯಾ ಕೂತಿದ್ದಳು. ಶೈಲಾಳನ್ನು ನೋಡಿದ ಕೂಡಲೇ ತಾನು ಕೂತಿದ್ದ ಸ್ಟೂಲನ್ನೇ ಹೊರಗೆ ಸರಿಸಿದಳು.

“ಕುಂದ್ರ ಬೇ, ನಿಂತಗೊಂಡ ಇವರ ಭಾಷಣ ಕೇಳಾಕ ನಿನ್ನ ಕಡೆ ಆಗೂದಿಲ್ಲ.”

ಯಾಸೀನ ಕರವಸ್ತ್ರ ಬಿಚ್ಚಿ ನೋಡಿದ. “ಇದೇನ ತಂಗಿ, ಮಸಣಾನ ಕಟಗೊಂಡ ಬಂದಿಯಲಾ.”

“ಯಾಸೀನಣ್ಣಾ, ನೀ ಕೊಟ್ಟವ ಇವು. ವಾರ ಬರೂದಿಲ್ಲ ನೋಡು.”

“ನನ್ನ ಮ್ಯಾಲೆ ಹಾಕಬ್ಯಾಡ. ತಂತಿ ಯಾವದು ಹೇಳು.”

“ಸೀಸ ಇಲ್ಲದ್ದು.”

“ಹಾಂ. ಅದನ್ನ ಮೊದಲ ಹೇಳಬೇಕಿಲ್ಲೇನು? ಬಿಟ್ ತಿನ್ನೂ ತಂತಿ ಅದು.” ಯಾಸೀನ ಗಲ್ಲೆಯ ಕೆಳಗಿಂದ ಬೆಂಕಿಪೊಟ್ಟಣ ತೆಗೆದ. ಅದರಲ್ಲಿ ಕಡ್ಡಿ ಇರಲಿಲ್ಲ, ಉದ್ದಕ್ಕೆ ಸೀಳಿದ ಎರಡು ಬಿಟ್ಟುಗಳಿದ್ದವು. ಗಿರಾಕಿಗಳಿಗೆ ತಿಳಿಸಿ ತಿಳಿಸಿ ಸಾಕಾಗಿ ತಾನೇ ಗರಗಸದಿಂದ ಕೊಯ್ದು ಇಟ್ಟುಕೊಂಡಿದ್ದ. “ನೋಡು. ಒಳಗ ಕೆಂಪಗ ಕಾಣೂದು ತಾಮ್ರ. ಶಾಖಾ ಒಯ್ಯೂದು ಅದು. ಅದರ ಮ್ಯಾಲೆ ಬೂದಿ ಬಣ್ಣದ ಗೆರಿ ಕಾಣತೈತಲಾ, ಅದು ಕಬ್ಬಿಣದ ಹೊದಿಕಿ. ಈ ಬಿಟ್ಟಿಗೆ ಗೆರಿ ಕೂದಲದಷ್ಟ. ಈ ಇನ್ನೊಂದಕ್ಕ ದಪ್ಪ.”

ಶೈಲಾ ಎರಡನ್ನೂ ಅಂಗೈ ಮೇಲೆ ಇಟ್ಟು ಬೆಳಕಿಗೆ ಹಿಡಿದಳು. ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು.

“ನಿನ್ನ ಹೊಸಾ ತಂತಿ ಅಂದ್ರ ಬಹಳಷ್ಟು ತವರಾನ, ಕಲಾಯಿಗೆ ಹಚ್ಚತಾರಲಾ ಆ ಲೋಹ. ತವರಕ್ಕ ತಾಮ್ರ ಕಂಡರ ಸಾಕು, ಬಿಸಿ ಚಾದಾಗ ಸಕ್ಕರಿ ಹಾಕಿದಂಗ ಕರಗಿಸ್ಕೋತೈತಿ. ಕಬ್ಬಿಣಾನೂ ತಿಂತೈತಿ, ಆದರ ಹಲ್ಲಿಲ್ಲದ ಮುದಕ ಕಬ್ಬ ತಿಂದಂಗ, ನಿಧಾನ. ಹೊದಿಕಿ ದಪ್ಪ ಇದ್ದಷ್ಟು ದಿನಾ ಜಾಸ್ತಿ ಬರತೈತಿ.”

“ಮತ್ತ ದಪ್ಪನ್ನದನ್ನ ಮೊದಲ ಯಾಕ ಕೊಡಲಿಲ್ಲ?”

“ನಿನ್ನ ಗಂಡ ಬಂದು ಯಾವದಾರ ಕೊಡ್ರಿ ಅಂದ. ಯಾವದಾರ ಕೊಟ್ಟೆ.”

ಸುರೈಯಾ ಚಿಲ್ಲರೆ ಎಣಿಸುವುದನ್ನು ಬಿಟ್ಟು ತಲೆ ಎತ್ತಿದಳು. “ಗಂಡಸರನ್ನ ಪ್ಯಾಟಿಗೆ ಕಳಸಿದರ ಹಿಂಗ ಆಗೂದು. ಬದನಿಕಾಯಿ ತರೂವಾಗನೂ ಯಾವದಾರ ಕೊಡ್ರಿ ಅಂತಾರ.”

ಶೈಲಾ ಶಾಖದ ಗುಂಡಿಯ ವಿಷಯ ಹೇಳಿದಳು, ಪೂರಾ ತಿರುಗಿಸಿಟ್ಟಿದ್ದೇನೆ ಎಂದು. ಯಾಸೀನ ಹಣೆಗೆ ಕೈ ಹಚ್ಚಿಕೊಂಡ. ಶಾಖ ಏರಿಸುವುದಲ್ಲ, ಮೂತಿ ಅಗಲ ಮಾಡಬೇಕು ಎಂದ. ಇಷ್ಟು ದಿನ ಅವಳು ಬಳಸಿದ್ದು ಸೂಜಿಮೂತಿಯ ಬಿಟ್ಟುಗಳನ್ನು. ಸಣ್ಣ ಕೆಲಸಕ್ಕೆ ಸಣ್ಣ ಮೂತಿ ಎಂದು ಅವಳ ಲೆಕ್ಕ. ಆದರೆ ಸೂಜಿಮೂತಿ ಮುಟ್ಟುವುದೇ ಒಂದು ಚುಕ್ಕೆಯಷ್ಟು ಜಾಗ, ಅದರಿಂದ ಶಾಖ ಇಳಿಯುವುದೆಷ್ಟು? ಉಳಿಯ ಬಾಯಿಯಂಥ ಚಪ್ಪಟೆ ಮೂತಿ ಇದ್ದರೆ, ಗುಂಡಿಯನ್ನು ಮುನ್ನೂರೈವತ್ತು ಡಿಗ್ರಿಗೆ ಇಳಿಸಿಟ್ಟರೂ ತಂತಿ ಬೆಣ್ಣೆಯಾಗುತ್ತದೆ. ಒದ್ದೆ ಸ್ಪಂಜಿನಿಂದ ಒರೆಸಬೇಡ, ಕಾದ ಮೂತಿಗೆ ಪದೇಪದೇ ತಣ್ಣೀರು ತಾಗಿದರೆ ಹೊದಿಕೆ ಬಿರುಕು ಬಿಡುತ್ತದೆ, ಹಿತ್ತಾಳೆ ಸುರುಳಿಯ ಉಂಡೆಯಲ್ಲಿ ಚುಚ್ಚಿ ತೆಗೆ ಎಂದ. ಕೆಲಸ ಮುಗಿದ ಮೇಲೆ ಮೂತಿಗೆ ಒಂದು ಹನಿ ಬೆಸುಗೆ ಹಚ್ಚಿ ಹಾಗೇ ಬಿಡು, ಬರಿಮೈಯಲ್ಲಿ ಬಿಟ್ಟರೆ ಗಾಳಿಗೆ ಕಪ್ಪಾಗುತ್ತದೆ ಎಂದೂ ಹೇಳಿದ.

ಆಮೇಲೆ ಡಬ್ಬಿಗಳನ್ನು ಇಳಿಸಿ ಒಂದೊಂದೇ ತೋರಿಸಿದ. ಮೊದಲನೆಯದು ಕನ್ನಡಿಯ ಹಾಗೆ ಮಿಂಚುತ್ತಿತ್ತು. ಶೈಲಾ ಅದನ್ನೇ ಎತ್ತಿದಳು.

“ಹೊಳಪ ನೋಡಿ ಹುಡಿಗಿ ಕೊಡಬ್ಯಾಡ,” ಎಂದ ಯಾಸೀನ. “ನಿನ್ನ ಐರನ್ನಿನ್ಯಾಗ ಹಾಕಿ ನೋಡು. ಅಲಗಾಡತೈತಿ. ಸಡಲ ಕುಂತರ ಶಾಖಾ ಮೂತಿಗೆ ಬರೂದಿಲ್ಲ, ಮತ್ತ ನೀ ಗುಂಡಿ ತಿರುವತಿ.”

ಹೌದು, ಅಲುಗಾಡಿತು. ಎರಡನೆಯದು ಬಿಗಿಯಾಗಿ ಕೂತಿತು, ಆದರೆ ಮತ್ತೆ ಸೂಜಿಮೂತಿ. ಕೊನೆಗೆ ಸೀಸವಿಲ್ಲದ ತಂತಿಗೆಂದೇ ಮಾಡಿದ, ದಪ್ಪ ಹೊದಿಕೆಯ, ಉಳಿಬಾಯಿಯ ಒಂದನ್ನು ಶೈಲಾ ಆರಿಸಿದಳು. ಹೊಳಪೇನೂ ಇರಲಿಲ್ಲ. ಬೆಲೆ ಕೇಳಿದ ಮೇಲೆ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟಳು.

ಯಾಸೀನ ಅದನ್ನು ಕಾಗದದಲ್ಲಿ ಸುತ್ತುತ್ತಿದ್ದವನು ತಟ್ಟನೆ ನಿಲ್ಲಿಸಿದ. ಸತ್ತ ಬಿಟ್ಟುಗಳಲ್ಲಿ ಒಂದನ್ನು ಮತ್ತೆ ಎತ್ತಿ, ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದ.

“ತಂಗಿ, ಸಿಟ್ಟಾಗಬ್ಯಾಡ. ಇದಕ್ಕ ಕಾನಸ ಯಾಕ ಹಚ್ಚಿದಿ?”

ಕಾನಸ ಎಂದರೆ ಕಬ್ಬಿಣ ಉಜ್ಜುವ ಅರ. ಶೈಲಾಳಿಗೆ ಸಿಟ್ಟೇ ಬಂತು. “ನಾ ಹಚ್ಚಿಲ್ಲ.”

“ಗೆರಿ ನೋಡು. ಎಲ್ಲಾ ಒಂದ ಕಡೆ ಹೊಂಟಾವ. ತವರ ತಿಂದರ ಗುಳಿ ಬೀಳತೈತಿ, ಗೆರಿ ಬೀಳೂದಿಲ್ಲ. ಯಾರೋ ದಿನಾ ಉಜ್ಜ್ಯಾರ. ಹೊದಿಕಿ ಹೋತಂದ್ರ ತಾಮ್ರ ಬಯಲಿಗೆ ಬಂತು. ಆಮ್ಯಾಲೆ ನೀ ಬಂಗಾರದ ಬಿಟ್ ತಂದರೂ ಅಷ್ಟ.”

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಇಟ್ಟಂಗಿಹಾಳದ ಕಡೆಯ ಹೊಲಗಳು ಸರಿಯುವುದನ್ನು ನೋಡುತ್ತ, ಶೈಲಾ ಒಂದೇ ವಿಷಯ ಯೋಚಿಸಿದಳು. ತನ್ನನ್ನು ಬಿಟ್ಟರೆ ಅಂಗಡಿಯಲ್ಲಿ ಕೈ ಆಡಿಸುವವರು ಇಬ್ಬರೇ. ಸಂಗುವೇ ಇರಬೇಕು ಎಂದು ಮನಸ್ಸು ಬೇಗ ಬೇಗ ತೀರ್ಪು ಕೊಟ್ಟಿತು. ಇನ್ನೊಬ್ಬರ ಹೆಸರು ತೆಗೆಯಲು ಅದಕ್ಕೆ ಇಷ್ಟವಿರಲಿಲ್ಲ.

ಸಂಜೆ ಸಂಗು ಬೈಕು ನಿಲ್ಲಿಸುವುದಕ್ಕೂ ಬಿಡದೆ ಕೇಳಿದಳು.

“ನಿನ್ನ ಟೇಬಲ್ಲಾ? ನಾನಾ?” ಎಂದ ಸಂಗು. “ಹೋದ ವರ್ಷ ಚಿಮಟ ಮುಟ್ಟಿದ್ದಕ್ಕ ಯಾಡ ದಿನಾ ಮಾತಾಡಲಿಲ್ಲ ನೀ. ಸಿದ್ಧೇಶ್ವರನ ಆಣಿ, ನಾ ಆ ಕಡೆ ನೋಡೂದೂ ಇಲ್ಲ.”

ಅವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಕಿವಿ ಇದ್ದ ಹಾಗೇ ಇತ್ತು. ಆ ಸಂಜೆ ಅವಳು ಹೊಸ ಬಿಟ್ ಹಾಕಿ, ಗುಂಡಿ ಇಳಿಸಿ, ಒಂದು ಬೋರ್ಡು ಮುಗಿಸಿದಳು. ಚಪ್ಪಟೆ ಮೂತಿ ಮುಟ್ಟಿದಲ್ಲೆಲ್ಲ ಬೆಸುಗೆ ಮೆಲ್ಲಗೆ ಹರಡಿ ಕೂತಿತು. ಸಂತೋಷಪಡಬೇಕು ಅನ್ನಿಸಿತು, ಧೈರ್ಯ ಬರಲಿಲ್ಲ.

ಮುಂಜಾನೆ ಎಲ್ಲರಿಗಿಂತ ಮೊದಲು ಏಳುವವನು ಬಸಗೊಂಡಪ್ಪ. ಜಳಕ ಮಾಡಿ, ವಿಭೂತಿ ಹಚ್ಚಿ, ಮನೆಯ ಮುಂದಿನ ಅಂಗಡಿಯ ಬಾಗಿಲು ತೆಗೆದು, ಕಸ ಹೊಡೆದು, ಸಾಮಾನುಗಳಿಗೆ ಊದಿನಕಡ್ಡಿ ಬೆಳಗುವುದು ಅವನ ಪಾಲಿನ ಕೆಲಸ. ಆ ಹೊತ್ತಿಗೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಅಂದು ಶೈಲಾ ಹೋದಳು.

ಊದಿನಕಡ್ಡಿಯ ಹೊಗೆಯಲ್ಲಿ ಮಾವ ಅವಳ ಕುರ್ಚಿಯ ಮೇಲೆ ಕೂತಿದ್ದ. ಮಡಿಲಲ್ಲಿ ಬಿಳಿ ಬಟ್ಟೆ ಹಾಸಿಕೊಂಡಿದ್ದ. ಚಿಮಟ, ಕಟರ್, ಸ್ಕ್ರೂ ಡ್ರೈವರುಗಳು ಒರೆಸಿಕೊಂಡು ಸಾಲಾಗಿ ಮಲಗಿದ್ದವು. ಎಡಗೈಯಲ್ಲಿ ಐರನ್ ಇತ್ತು. ಬಲಗೈಯಲ್ಲಿ ಸಣ್ಣ ಕಾನಸ. ನಡುಗುವ ಕೈಯನ್ನು ಮೊಣಕಾಲಿಗೆ ಊರಿ ಗಟ್ಟಿ ಮಾಡಿಕೊಳ್ಳುತ್ತಿದ್ದ. ಇನ್ನೂ ಮುಟ್ಟಿಸಿರಲಿಲ್ಲ.

“ಮಾವಾ, ಬ್ಯಾಡ್ರಿ.”

ಬಸಗೊಂಡಪ್ಪ ಹಿಂತಿರುಗಿ ನೋಡಿ ನಕ್ಕ. “ಎದ್ದೇನವ್ವಾ? ಮಲಕೋಬೇಕಿಲ್ಲೇನು? ಇದ ನನ್ನ ಕೆಲಸ, ನೀ ಕೈ ಹಾಕಬ್ಯಾಡ. ಉಜ್ಜಿ ಇಟ್ಟರ ನಿನಗ ಹಗೂರ ಆಗತೈತಿ.”

“ದಿನಾ ಉಜ್ಜತೀರೇನ್ರಿ?”

“ಬಿಡತೀನೇನು? ಮೊದಲ ಹಬ್ಬಕ್ಕ, ಅಮಾಸಿಗೆ ಅಷ್ಟ ಉಜ್ಜತಿದ್ದೆ. ಈಗ ನೀ ಒಬ್ಬಾಕಿಯಲ್ಲ, ಇಬ್ಬರದೀರಿ. ಕರೇ ಮಾರಿ ಸಾಮಾನ ಬಸರಿ ಕೈಯಾಗ ಕೊಡಬಾರದು. ಅದಕ್ಕ ದಿನಾ ಉಜ್ಜತೀನಿ. ಆದರ ಈ ಹಾಳ ಬಿಟ್ಟು ಎಷ್ಟ ಉಜ್ಜಿದರೂ ಕರ್ರಗ ಆಗತಾವ.”

ಶೈಲಾ ಕಾನಸಕ್ಕೆ ಕೈ ಚಾಚಿ, ಅರ್ಧಕ್ಕೇ ಹಿಂದೆಳೆದಳು. ಬೈಯುವ ಹಾಗಿಲ್ಲ. ಸುಮ್ಮನಿರುವ ಹಾಗೂ ಇಲ್ಲ. ಅಷ್ಟರಲ್ಲಿ ಅಂಗಳಕ್ಕೆ ನೀರು ಚಳೆ ಹೊಡೆಯುತ್ತಿದ್ದ ಅತ್ತೆ ರೇಣುಕವ್ವ ತಂಬಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಏನಾಯಿತು ಎಂದು ಕೇಳಿದಳು. ಶೈಲಾ ತಡವರಿಸುತ್ತ, ಯಾಸೀನ ಹೇಳಿದ್ದನ್ನು ಅತ್ತೆಗೆ ಹೇಳುವ ಹಾಗೆ ಮಾಡಿ ಮಾವನಿಗೆ ಹೇಳಿದಳು. ಮೇಲೊಂದು ಹೊದಿಕೆ, ಒಳಗೆ ತಾಮ್ರ, ಹೊದಿಕೆ ಹೋದರೆ ಎಲ್ಲ ಹೋದಂತೆ ಎಂದು.

“ಹೊದಿಕಿ ಏನ್ ಹೊದಿಕಿ,” ಎಂದ ಬಸಗೊಂಡಪ್ಪ. “ಬಿಟ್ ಅಂದ್ರ ತಾಮ್ರ. ಉಜ್ಜಬೇಕು. ನಾ ಹುಟ್ಟಿದಾಗಿಂದ ಉಜ್ಜಾಕತ್ತೇನಿ.”

ರೇಣುಕವ್ವ ತಂಬಿಗೆ ಕೆಳಗಿಟ್ಟಳು. “ಇವರ, ಒಂದ ಮಾತ ಕೇಳತೀನಿ. ಕಲಾಯಿ ಮಾಡಿಸಿದ ಹಿತ್ತಾಳಿ ಬೋಗಾಣಿಗೆ ಇಟ್ಟಂಗಿ ಪುಡಿ ಹಾಕಿ ತಿಕ್ಕತಾರೇನು?”

“ತಿಕ್ಕಿದರ ಕಲಾಯಿ ಹೋಗತೈತಿ.”

“ಹೋದರ?”

“ಮಜ್ಜಗಿ ಹಸರಾಗತೈತಿ.”

“ಮತ್ತ ಆ ಹುಡಿಗಿ ಹೇಳಾಕತ್ತಿದ್ದು ಏನು, ನೀವು ಮಾಡಾಕತ್ತಿದ್ದು ಏನು?”

ಬಸಗೊಂಡಪ್ಪ ಕೈಯಲ್ಲಿದ್ದ ಬಿಟ್ಟನ್ನು ನೋಡಿದ. ಆಮೇಲೆ ಕಾನಸ ನೋಡಿದ. ಬಿಳಿ ಬಟ್ಟೆ ಮಡಚಿಟ್ಟು, ಚಪ್ಪಲಿ ಮೆಟ್ಟಿ, ಚಹಾದಂಗಡಿಯ ಕಡೆ ಹೋದ.

ಊಟದ ಹೊತ್ತಾದರೂ ಬರಲಿಲ್ಲ. ಶೈಲಾ ಬೋರ್ಡಿನ ಮೇಲೆ ಬಗ್ಗಿದ್ದರೂ ಕಿವಿ ರಸ್ತೆಯ ಮೇಲಿತ್ತು. “ಬರತಾರ ಬಿಡು,” ಎಂದಳು ರೇಣುಕವ್ವ, “ಮಾರಿ ಇಳಿದಾಗ ಮೂರ ಚಾ ಕುಡೀತಾರ, ಆಮ್ಯಾಲೆ ಹೊಟ್ಟಿ ಉರೀತೈತಿ ಅಂತ ಬರತಾರ.”

ಹಾಗೇ ಬಂದ. ಬಂದವನು ಸೀದಾ ಟೇಬಲ್ಲಿನ ಹತ್ತಿರ ನಿಂತು, “ಆ ಕೆಟ್ಟವ ಎಲ್ಲಿ ಅದಾವ?” ಎಂದು ಕೇಳಿದ. ಶೈಲಾ ಕರವಸ್ತ್ರ ಕೊಟ್ಟಳು. ಒಂದೊಂದನ್ನೇ ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿದ. ತನ್ನ ಕಾನಸದ ಗೆರೆ ಅವನಿಗೆ ಗುರುತು ಸಿಗದೆ ಇರುತ್ತದೆಯೇ? ನಡುಗುವ ಕೈಯ ಗೆರೆ ಅದು, ಅಲ್ಲಲ್ಲಿ ಹಾರಿ ಹಾರಿ ಬಿದ್ದಿತ್ತು.

“ನಿನ್ನ ಇಲ್ಲಿ ಕುಂದ್ರಸಬೇಕಂತ ದಿನಾ ಉಜ್ಜಿದೆ,” ಎಂದ ಕೊನೆಗೆ. “ನಾನ ನಿನ್ನ ಎಬ್ಬಸಾಕತ್ತಿದ್ನಲ್ಲವ್ವಾ.”

“ನಾನೂ ಗುಂಡಿ ಪೂರಾ ತಿರುವಿ ಸುಡತಿದ್ನಿರಿ ಮಾವಾ. ಇಬ್ಬರೂ ಕೂಡೇ ಕೊಂದೇವಿ.”

ಅದಕ್ಕೆ ಅವನು ನಕ್ಕ. ನಗುವಾಗ ಕಣ್ಣು ಒರೆಸಿಕೊಂಡ, ಊದಿನಕಡ್ಡಿ ಹೊಗೆ ಎಂದ. ಊದಿನಕಡ್ಡಿ ಆರಿ ಅರ್ಧ ದಿನವಾಗಿತ್ತು.

ಅಮಾವಾಸ್ಯೆಯ ದಿನ ಬಬಲೇಶ್ವರದಿಂದ ಸಿದ್ದಲಿಂಗೇಶ ತನ್ನ ಡಬ್ಬಿ ಒಯ್ಯಲು ಬಂದ. ಹಿಂದೆ ವಾಪಸು ಬಂದಿದ್ದ ಡಬ್ಬಿ ಇವನದೇ. ದ್ರಾಕ್ಷಿ ತೋಟದವನು, ಬಾಯಿ ಸ್ವಲ್ಪ ಜೋರು. “ಈ ಸಲಾ ತೋಟಾ ಮುಟ್ಟೂತನಾರ ಬಾಳಿಕಿ ಬರತೈತೋ, ಇಲ್ಲಾ ಹಾದ್ಯಾಗ ಸಾಯತೈತೋ?” ಎಂದು ಕೇಳುತ್ತಲೇ ಒಳಗೆ ಬಂದ. ಶೈಲಾ ಡಬ್ಬಿಗೆ ಕರೆಂಟು ಕೊಟ್ಟಳು. ಅವನು ತನ್ನ ಫೋನು ಒತ್ತಿದ. ಒಳಗೆ ಟಕ್ ಎಂದು ಸದ್ದಾಗಿ ಹಸಿರು ದೀಪ ಹತ್ತಿತು. ಮತ್ತೆ ಒತ್ತಿದ, ಆರಿತು. ಮತ್ತೊಮ್ಮೆ, ಮಗದೊಮ್ಮೆ. ಬೋರ್ಡಿನ ಮೂಲೆ ಹಿಡಿದು ಅಲುಗಾಡಿಸಿದ, ಮೇಲೆ ಕುಟ್ಟಿದ. ದೀಪ ಕದಲಲಿಲ್ಲ.

ಬಸಗೊಂಡಪ್ಪ ಎದ್ದು ಬಂದು, ದೀಪವನ್ನಲ್ಲ, ಐರನ್ನಿನ ಮೂತಿಯನ್ನು ನೋಡಿದ. ಕೈ ಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡಿದ. ಚಪ್ಪಟೆ ಮೂತಿ ತೆಳ್ಳಗೆ ಬೆಸುಗೆ ಹೊದ್ದು, ತಂದ ದಿನದ ಹಾಗೇ ಇತ್ತು. ಗುಳಿ ಇಲ್ಲ, ಕಪ್ಪಿಲ್ಲ. ಅಂದಿನಿಂದ ದಿನವೂ ಕೆಲಸ ಮಾಡಿಯೂ ಅದು ಸವೆದಿರಲಿಲ್ಲ.

ಸಿದ್ದಲಿಂಗೇಶ ಡಬ್ಬಿ ಕಟ್ಟಿಕೊಳ್ಳುತ್ತ, “ಅಲ್ರಿ ಕಾಕಾ, ಸೊಸಿ ಬಸರಿ ಅದಾಳ, ಮನ್ಯಾಗ ಕುಂದ್ರಸಬಾರದೇನ್ರಿ?” ಎಂದ.

“ಮನ್ಯಾಗ ಕುಂತರ ನಿನ್ನ ತೋಟಕ್ಕ ನೀರ ಯಾರ ಬಿಡತಾರ, ನಿಮ್ಮಪ್ಪ?” ಎಂದ ಬಸಗೊಂಡಪ್ಪ. ಮತ್ತೆ ಕುರ್ಚಿಗೆ ಹೋಗಿ, ಜೇಬಿನಿಂದ ಫೋನು ತೆಗೆದ.

ಶೈಲಾಳ ಕೈ ನಿಂತಿತು. ಜೈನಾಪುರಕ್ಕೇ ಹಚ್ಚಿದ್ದಾನೆ ಎಂದು ಅವನು ಗಂಟಲು ಸರಿಮಾಡಿಕೊಂಡ ರೀತಿಯಲ್ಲೇ ಗೊತ್ತಾಯಿತು. ಬೀಗರ ಜೊತೆ ಮಾತಾಡುವಾಗ ಮಾತ್ರ ಹಾಗೆ ಕೆಮ್ಮುತ್ತಾನೆ.

“ಕಾಶಿಬಾಯಾರ, ನಾ ಬಸಗೊಂಡಪ್ಪ ಮಾತಾಡೂದು. ಆರಾಮ ಅದೇವ್ರಿ. ಹುಡಿಗೀನೂ ಆರಾಮ. ಅದ ಅಂದಿದ್ನಲ್ರಿ, ಬಂದ ಕರಕೊಂಡ ಹೋಗ್ರಿ ಅಂತ. ಅದು ಈಗ ಬ್ಯಾಡ್ರಿ. ಇಲ್ರಿ, ಜಗಳಾ ಏನಿಲ್ಲ. ಕೆಲಸಾ ಐತ್ರಿ. ಸೀಸಾ ಪೀಸಾ ಏನೂ ಇಲ್ಲ ಈಗ, ಎಲ್ಲಾ ಬದಲ ಮಾಡೇವಿ. ಏಳನೇ ತಿಂಗಳದಾಗ ಕುಬಸಾ ಮಾಡಿ ಪದ್ಧತಿ ಪ್ರಕಾರ ಕರಕೊಂಡ ಹೋಗ್ರಂತ. ಅಲ್ಲೀತನಾ ಆಕಿ ಇಲ್ಲೇ ಬೇಕ್ರಿ ನಮಗ.”

ಆಚೆಯಿಂದ ಕಾಶಿಬಾಯಿ ಏನೋ ಕೇಳಿದಳು. “ಕೇಳಸಲಿಲ್ಲೇನ್ರಿ? ಇಲ್ಲೇ ಬೇಕು ಅಂದೆ,” ಎಂದು ಬಸಗೊಂಡಪ್ಪ ಇನ್ನೂ ಜೋರಾಗಿ ಕೂಗಿದ.

“ಕಾಕಾ, ಫೋನ್ ಇಟ್ಟಬಿಡ್ರಿ,” ಎಂದ ಸಿದ್ದಲಿಂಗೇಶ, “ನೀವು ಒದರಿದ್ದು ಜೈನಾಪುರಕ್ಕ ಸೀದಾ ಕೇಳಸೇತಿ.”

ಶೈಲಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಈ ಸಲ ನಗು ಹೊಟ್ಟೆಯವರೆಗೂ ಇಳಿಯಿತು. ಒಳಗಿನಿಂದ ರೇಣುಕವ್ವ, ಊಟಕ್ಕೆ ಏಳುತ್ತೀಯೋ ಇಲ್ಲವೋ ಎಂದು ಕರೆದಳು. “ಇದೊಂದ ಮುಗಸತೀನಿ ಅತ್ತೀ, ನೀವು ಬಡಸ್ರಿ,” ಎಂದು ಕೂಗಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಹಲ್ಲಿ ಹೊಕ್ಕು ಸುಟ್ಟಿದ್ದ ಇನ್ನೊಂದು ಬೋರ್ಡನ್ನು ಹತ್ತಿರಕ್ಕೆ ಸರಿಸಿಕೊಂಡಳು.